ತಲೆ ಎತ್ತದ ಮಾಸ್ತರರು

ಬುರಾನುದ್ದೀನ ಮಾಸ್ತರರು ಖಾನಾಪುರದ ಬಸ್ ನಿಲ್ದಾಣದ ಎದುರು ಟೈಪಿಂಗ್ ಶಾಲೆ ನಡೆಸುತ್ತಿದ್ದರು. ಅವರ ಪಾಠಕ್ಕೆಲ್ಲ ಒಂದೇ ಸೂತ್ರ: ಬೆರಳು ಕೀಲಿಗಳ ಮೇಲಿರಬೇಕು, ಕಣ್ಣು ಎಡಗಡೆಯ ಮೂಲಪ್ರತಿಯ ಮೇಲಿರಬೇಕು, ತಲೆ ಮಾತ್ರ ಎತ್ತಕೂಡದು. ಯಾರಾದರೂ ತಲೆ ಎತ್ತಿ ಹಾಳೆಯತ್ತ ನೋಡಿದರೆ ಯಂತ್ರದ ಮುಂದೆ ರಟ್ಟಿನ ಮರೆ ಕಟ್ಟಿಬಿಡುತ್ತಿದ್ದರು.

ಎಂಬತ್ತಾರನೇ ಇಸವಿಯಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಕಂಪ್ಯೂಟರ್ ತರಗತಿಯೊಂದು ತೆರೆಯಿತು. ಖಾನಾಪುರದ ಹುಡುಗಿಯರು ಒಬ್ಬೊಬ್ಬರಾಗಿ ಅಲ್ಲಿಗೆ ಬಸ್ಸು ಹತ್ತತೊಡಗಿದರು. ಆ ತರಗತಿಯವರು ಖಾನಾಪುರದಲ್ಲೂ ಒಂದು ಶಾಖೆ ತೆರೆಯುವವರಿದ್ದರು. ಪರೀಕ್ಷೆಯಲ್ಲಿ ಗೆದ್ದವರೇ ಅದಕ್ಕೆ ಶಿಕ್ಷಕರು. ಆ ಕೆಲಸ ಕೈತಪ್ಪಿದರೆ ತಮ್ಮ ಶಾಲೆಗೆ ಬೀಗವೇ ಗತಿಯೆಂದು ತಿಳಿದು, ಮಾಸ್ತರರು ಇಳಿವಯಸ್ಸಿನಲ್ಲಿ ವಿದ್ಯಾರ್ಥಿಯಾಗಿ ಹೋದರು.

ಕಲಿಸುವವಳನ್ನು ಕಂಡು ಬಾಗಿಲಲ್ಲೇ ನಿಂತರು. ಬೀಡಿ ಊರಿನ ಕಾಂತಾ! ಹಿಂದೊಮ್ಮೆ ತಮ್ಮಲ್ಲೇ ಕಲಿಯಲು ಬಂದು, ನಡುವೆ ಬಿಟ್ಟು ಹೋದವಳು.

"ಬರ್ರಿ ಸರ್, ಕುಂದರ್ರಿ. ಚಪ್ಲಿ ಹೊರಗ ಬಿಡ್ರಿ, ಧೂಳಾ ಈ ಮಶಿನ್ನಿಗೆ ಆಗೂದಿಲ್ಲ."

"ನೀವು ಇಲ್ಲಿ..."

"ನೀ ಅನ್ರಿ ಸರ್. ರಟ್ಟು ಕಟ್ಟೂ ಮುಂದ ನೀವು ಅಂದಿರಲಿಲ್ಲಲ್ಲ," ಎಂದು ಆಕೆ ನಕ್ಕಳು. ನಗೆಯಲ್ಲಿ ಮುಳ್ಳು ಇತ್ತೋ ಇಲ್ಲವೋ, ಅವರಿಗೆ ತಿಳಿಯಲಿಲ್ಲ.

ಪಾಠ ನಡೆಯಿತು. "ಈ ಕೀಲಿಮಣಿ ಇದರ ಕಿವಿ ಸರ್, ನಾವು ಹೇಳಿದ್ದು ಇದರಿಂದ ಒಳಗ ಹೋಗತೈತಿ. ಪರದೆ ಇದರ ಬಾಯಿ. ಬಾಜೂಕಿನ ಪ್ರಿಂಟರೂ ಬಾಯಿನ, ಆದ್ರ ಅದು ಹಾಳಿ ಮ್ಯಾಲ ಮಾತಾಡತೈತಿ. ಒಳಗಿಂದ ಪೀ ಅಂತೈತಲ್ಲ, ಅದೂ ಮಾತ. ಇನ್ನ ಈ ತೆಳ್ಳನ ಚೌಕ ಫ್ಲಾಪಿ. ಬರದದ್ದು ಉಳಿಬೇಕಂದ್ರ ಇದನ್ನ ಮೊದಲ ಹಾಕಬೇಕು."

"ಕಿವಿ ಒಂದ, ಬಾಯಿ ಮೂರು. ನಮ್ಮ ಮನಿಯಾಕಿ ಜೋಹರಾನ ಹಂಗ ಐತಿ ಬಿಡು."

"ಮನ್ಯಾಗ ಹೇಳಿ ಬರ್ಲ್ಯಾ ಸರ್? ಟೈಪ್‌ರೈಟರಿನ್ಯಾಗ ಹೊಡದದ್ದು ಅಲ್ಲೇ ಹಾಳಿ ಮ್ಯಾಲ ಬೀಳತೈತಿ. ಇಲ್ಲೆ ಹೋಗೂ ಬಾಗಲಾ ಬ್ಯಾರೆ, ಬರೂ ಬಾಗಲಾ ಬ್ಯಾರೆ. ನಡುವ ಅದು ಏನರ ಕೇಳತೈತಿ. ತೆಲಿ ಎತ್ತಿ ನೋಡ್ರಿ."

ಮಾಸ್ತರರು ತಲೆಯಾಡಿಸಿದರು. ತಲೆ ಎತ್ತಿ ಟೈಪು ಮಾಡುವುದು ಅವರ ಮಟ್ಟಿಗೆ ಕಳ್ಳತನಕ್ಕೆ ಸಮಾನವಾಗಿತ್ತು.

ಪರೀಕ್ಷೆಯ ದಿನ ಒಂದು ಪುಟವನ್ನು ಟೈಪು ಮಾಡಿ ಪ್ರಿಂಟರಿನಿಂದ ಹೊರತೆಗೆಯಬೇಕಿತ್ತು. ಪರೀಕ್ಷಕಿಯಾಗಿದ್ದ ಕಾಂತಾ ಮಾತಾಡುವಂತಿರಲಿಲ್ಲ. ಮಾಸ್ತರರು ಕಣ್ಣನ್ನು ಪ್ರತಿಯ ಮೇಲಿಟ್ಟು ಆರಂಭಿಸಿದರು. ಆ ಮೆತ್ತನೆಯ ಕೀಲಿಗಳಲ್ಲಿ ಟಕಟಕ ಸದ್ದಿಲ್ಲದೆ ಅವರ ಬೆರಳುಗಳು ಇಷ್ಟು ದಿನ ಅನಾಥವಾಗಿದ್ದವು. ಇಂದು ಮಾತ್ರ ಪ್ರತಿ ಒತ್ತಿಗೂ ಯಂತ್ರ ಪೀ, ಪೀ ಎಂದು ಓಗೊಟ್ಟಿತು. ಕೊನೆಗೂ ಈ ಮೂಕಯಂತ್ರ ತಮ್ಮ ಕೈಗೆ ಒಲಿಯಿತೆಂದು ಅವರ ಎದೆ ತುಂಬಿ ಬಂತು, ವೇಗ ಹೆಚ್ಚಿತು. ಕಾಂತಾ ಕೆಮ್ಮಿದಳು. ತಂಪು ಕೋಣೆ, ನೆಗಡಿಯಾಗಿರಬೇಕು ಎಂದುಕೊಂಡರು.

ಪುಟ ಮುಗಿಸಿ ತಲೆ ಎತ್ತಿದಾಗ ಕರಿಯ ಪರದೆಯ ಮೇಲೆ ಹಸಿರು ಇಂಗ್ಲಿಷ್ ಅಕ್ಷರದ ಒಂದೇ ಸಾಲಿತ್ತು: ಫ್ಲಾಪಿ ಹಾಕಿರಿ. ಅದು ಮೊದಲಿನಿಂದಲೂ ಅಲ್ಲೇ ಇತ್ತು. ಫ್ಲಾಪಿ ಅವರ ಮೊಣಕೈ ಬಳಿ ಬಿದ್ದಿತ್ತು. ಪ್ರಿಂಟರು ಉಸಿರೆತ್ತಲಿಲ್ಲ.

ಉಳಿದವರು ಹೋದ ಮೇಲೆ ಕಾಂತಾ ಮೆಲ್ಲಗೆ ಕೇಳಿದಳು: "ಅದು ಅಷ್ಟು ಕೂಗಿದ್ರೂ ಒಮ್ಮೆ ನೋಡಲಿಲ್ಲಲ್ಲ ಸರ್?"

"ರೂಢಿ ಅವ್ವಾ. ಕೈಯಾಗ ಕುಂತೈತಿ."

"ನಾನೂ ಅವತ್ತ ಸುಮ್ಮನ ತೆಲಿ ಎತ್ತಿರಲಿಲ್ಲರಿ. ಮಸಿ ರಿಬ್ಬನ್ ಕಳಚಿತ್ತು. ಹೇಳಾಕ ಹೋದ್ರ ನೀವು ರಟ್ಟು ಕಟ್ಟಿದ್ರಿ, ಮುಗಿಯೂತನಾ ಹೊಡಿ ಅಂದ್ರಿ." ಫ್ಲಾಪಿಯನ್ನು ಅದರ ಲಕೋಟೆಯಲ್ಲಿಟ್ಟಳು. "ಇರಲಿ ಬಿಡ್ರಿ. ಚಾ ತಗೊಂತೀರ್ಯಾ?"

ಅವರು ಚಹಾ ಕುಡಿಯದೆ ಎದ್ದರು.

ಖಾನಾಪುರದ ಬಸ್ಸಿನಲ್ಲಿ ಕುಳಿತಾಗ ಕಾಂತಾ ಅಂದು ಟೈಪು ಮಾಡಿದ ಹಾಳೆ ಕಣ್ಣ ಮುಂದೆ ನಿಂತಿತು. ಅದರಲ್ಲಿ ಮಸಿಯಿಲ್ಲದ ಗುಳಿಗಳು ಮಾತ್ರ ಇದ್ದವು. ಬೆರಳಿನಲ್ಲಿ ಕಸುವಿಲ್ಲವೆಂದು ಎಲ್ಲರೆದುರು ಅದನ್ನು ಹರಿದಿದ್ದರು. ಮರುದಿನ ಹುಡುಗಿ ಬರಲಿಲ್ಲ. ಆದರೆ ಅದೇ ಮುಂಜಾನೆ, ಆ ಯಂತ್ರದ ರಿಬ್ಬನ್ ಕೊಕ್ಕೆ ಬಿಟ್ಟಿದ್ದನ್ನು ಕಂಡು, ಬೆರಳಿಗೆ ಮಸಿ ಮಾಡಿಕೊಂಡು ಸರಿಪಡಿಸಿದವರೂ ಅವರೇ. ಕಾಂತಾ ಅದನ್ನು ಅರಿಯಳು. ಹೋಗಿ ಕರೆತರಬೇಕೆಂದು ಅಂದೇ ಅನಿಸಿತ್ತು, ನಾಳೆ ಎಂದುಕೊಂಡಿದ್ದರು.

ಖಾನಾಪುರದ ಶಾಖೆ ಬೇರೊಬ್ಬರ ಪಾಲಾಯಿತು. ಶಾಲೆಯಲ್ಲಿ ಯಂತ್ರಗಳಿಗೆ ಹೊದಿಕೆ ಹಾಕಿ, ಮಾಸ್ತರರು ಕಿಟಕಿಯ ಬಳಿ ಕೂಡ್ರುವುದು ರೂಢಿಯಾಯಿತು. ಎದುರಿನ ನಿಲ್ದಾಣದಿಂದ ಕಾಂತಾಳ ಊರಾದ ಬೀಡಿಗೆ ಹೋಗುವ ಬಸ್ಸು ಎಂದಿನಂತೆ ಹೊರಡುತ್ತಿತ್ತು. ಇಷ್ಟು ವರ್ಷವೂ ಅದು ಅಲ್ಲಿಂದಲೇ ಹೊರಟಿತ್ತು.