ಅತ್ತೆಯೂ ಮಡಚುವ ಕುರ್ಚಿಯೂ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ಅರವತ್ತು ದಾಟಿದ ಮೇಲೆ ನನಗೂ ಒಂದಿಷ್ಟು ಮೀಸೆ ಬಂದಿದೆ. ಕುದುರೆಯಿಂದ ಬಿದ್ದ ದಿನ ಅದೂ ಮಣ್ಣಾಯಿತು. ಜೊತೆಗೆ ಬಲಗಡೆಯ ಕಾಲರ್ ಬೋನ್ ಎರಡು ತುಂಡಾಯಿತು, ಕನ್ನಡಕ ಎಲ್ಲಿಗೋ ಹಾರಿತು, ಬಾಯಿ ತುಂಬ ಮರಳು. ಹಲ್ಲು ಮಾತ್ರ ಒಂದೂ ಅಲ್ಲಾಡಲಿಲ್ಲ. ಬಿದ್ದಲ್ಲೇ ನಾಲಗೆ ಆಡಿಸಿ ಎಣಿಸಿಕೊಂಡೆ. ನಾನು ಹಲ್ಲಿನ ಡಾಕ್ಟರು.

ಮೂವತ್ತಾರು ವರ್ಷ ಕಂಡಕಂಡವರ ಬಾಯಲ್ಲಿ ಕೈಯಿಟ್ಟು ಬದುಕಿದವಳು ನಾನು. ಸೂಜಿ ಚುಚ್ಚುವ ಮೊದಲು ಅಷ್ಟೂ ಜನಕ್ಕೆ ಒಂದೇ ಸುಳ್ಳು ಹೇಳಿದ್ದೇನೆ: "ಸ್ವಲ್ಪ ಚುರುಕ್ ಅನ್ಸುತ್ತೆ, ಅಷ್ಟೆ." ಐವತ್ತಾರಕ್ಕೆ ಬಗ್ಗಿ ಬಗ್ಗಿ ಸೊಂಟ ಹಿಡಿದಾಗ, ಕುದುರೆ ಸವಾರಿ ಮಾಡಿದರೆ ಬೆನ್ನು ನೆಟ್ಟಗಾಗುತ್ತದೆ ಎಂದು ಒಬ್ಬ ರೋಗಿ ಹೇಳಿದ. ಬಾಯಲ್ಲಿ ಹತ್ತಿ ತುರುಕಿಕೊಂಡಿದ್ದವನ ಮಾತನ್ನು ನಂಬಿ ಹೋದೆ. ಏಳು ವರ್ಷ, ವಾರಕ್ಕೆ ಎರಡು ಸಲ. ಬೆನ್ನು ನೆಟ್ಟಗಾಯಿತೋ ಇಲ್ಲವೋ, ಜಂಬ ಮಾತ್ರ ನೆಟ್ಟಗೆ ನಿಂತಿತು. ನನ್ನ ವಯಸ್ಸಿನ ಹೆಂಗಸರು ಮಂಡಿಗೆ ಮುಲಾಮು ಹಚ್ಚುತ್ತಿದ್ದಾಗ ನಾನು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದೆ.

ನನ್ನ ಕುದುರೆ ಒಂದು ಬೂದು ಬಣ್ಣದ ಹೆಣ್ಣು. ಹನ್ನೊಂದು ವರ್ಷದಿಂದ ಆ ಸವಾರಿ ಶಾಲೆಯಲ್ಲಿ ಹೊಸಬರನ್ನೆಲ್ಲ ಹೊತ್ತು ತಿರುಗಿದವಳು. ಅವಳಿಗೆ ಅಲ್ಲಿ ಏನೋ ಒಂದು ಹೆಸರಿತ್ತು. ನಾನು 'ಅತ್ತೆ' ಅನ್ನುತ್ತಿದ್ದೆ. ಯಾರು ಬಂದರೂ ಮೊದಲು ಕಾಲಿನಿಂದ ತಲೆವರೆಗೆ ನೋಡುವುದು, ಮನೆಯ ರೀತಿನೀತಿಯೆಲ್ಲ ತನಗೇ ಗೊತ್ತು ಎಂಬ ಠೀವಿ, ಊಟದ ಹೊತ್ತು ಒಂದು ನಿಮಿಷ ತಪ್ಪಿದರೆ ಮುಖ ಊದಿಸುವುದು. ಬೇರೆ ಯಾವ ಹೆಸರು ಒಪ್ಪುತ್ತದೆ ಹೇಳಿ.

ಬಿದ್ದದ್ದು ಹೀಗೆ. ಎಡಕ್ಕೆ ಸುತ್ತು ಹಾಕುತ್ತ ಓಡಿಸುತ್ತಿದ್ದೆ. ಬೇಲಿ ಹಾಕಿದ ಮರಳಿನ ಅಂಕಣದ ಆ ಕೊನೆಯಲ್ಲಿ, ಗೇಟಿಗೆ ಎದುರಾಗಿ ಇದ್ದಾಗ, ಅತ್ತೆ ಇದ್ದಕ್ಕಿದ್ದಂತೆ ಎಡಕ್ಕೆ ತಿರುಗಿ ನಡುಮಧ್ಯೆ ಹಾಯ್ದು ಗೇಟಿನ ಕಡೆ ಹೊರಟಳು. ನಾನು ಮಾತ್ರ ಮೊದಲಿನ ದಿಕ್ಕಿಗೇ ಹೋದೆ.

ಯಾಕೆ ತಿರುಗಿದಳು ಎಂದು ಯಾರಿಗೂ ತಿಳಿಯಲಿಲ್ಲ. ತಿಳಿಯದಿದ್ದಾಗ ಬೈಯಲು ವಯಸ್ಸು ಇದ್ದೇ ಇದೆಯಲ್ಲ. ಮೇಷ್ಟ್ರು, ಅಂದರೆ ಸವಾರಿ ಕಲಿಸುವವನು, ಹುಲ್ಲಿನ ಲಾರಿಯ ಹತ್ತಿರ ಇದ್ದವನು ಓಡಿ ಬಂದು, "ಬ್ಯಾಲೆನ್ಸ್ ತಪ್ಪಿದೆ ಡಾಕ್ಟ್ರೇ, ಈ ವಯಸ್ಸಲ್ಲಿ ಆಗುತ್ತೆ" ಅಂದ. ಮೂಳೆ ಡಾಕ್ಟರು "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ" ಅಂದರು. ಮಗಳು ಫೋನಿನಲ್ಲಿ ಎರಡನ್ನೂ ಸೇರಿಸಿ ಅಂದಳು. ಅರವತ್ತಕ್ಕೆ ಅರಳು ಮರಳು ಎಂದು ಬಾಯಿಬಿಟ್ಟು ಹೇಳದೆ ಉಳಿದವರು ನನ್ನ ಯಜಮಾನರು ಒಬ್ಬರೇ.

ಯಜಮಾನರು ನಿವೃತ್ತ ಲಿಫ್ಟ್ ಇನ್‌ಸ್ಪೆಕ್ಟರ್. ನಲವತ್ತು ವರ್ಷ ಕಟ್ಟಡ ಕಟ್ಟಡ ಅಲೆದು, ಲಿಫ್ಟಿನ ಹಗ್ಗ, ಬ್ರೇಕು ನೋಡಿ, ಕೆಟ್ಟಿದ್ದರೆ 'ಬಳಸಬೇಡಿ' ಎಂಬ ಕೆಂಪು ಫಲಕ, ನೆಟ್ಟಗಿದ್ದರೆ 'ಬಳಸಬಹುದು' ಎಂಬ ಹಸಿರು ಫಲಕ ನೇತುಹಾಕಿ ಬರುತ್ತಿದ್ದರು. ಮಾತು ಕಮ್ಮಿ. ಆ ದಿನವೂ ಅಂಕಣದ ಪಕ್ಕದಲ್ಲೇ ಇದ್ದರು, ನನ್ನನ್ನು ಕರೆದುಕೊಂಡು ಹೋಗಲು ಬಂದವರು. ಆಮೇಲಿನ ನಾಲ್ಕು ತಿಂಗಳು ಅವರು ನನಗೆ ತಲೆ ಬಾಚಿದರು, ಬ್ಲೌಸಿನ ಗುಂಡಿ ಹಾಕಿದರು, ಹಾಸಿಗೆಗೇ ಕಾಫಿ ತಂದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಕಾಫಿ ಲೋಟ ಎಲ್ಲಿರುತ್ತದೆ ಎಂದು ಕೇಳದೆ ಕಾಫಿ ಮಾಡಿದ್ದು ಅದೇ ಮೊದಲು. ಪೆದ್ದಿ ನಾನು, ಇದನ್ನು ಪ್ರೀತಿ ಅಂದುಕೊಂಡೆ.

ಮೂಳೆ ಕೂಡಿತು. ಕೂಡದೇ ಉಳಿದದ್ದು ಧೈರ್ಯ. ಎರಡು ಸಲ ಹೋದೆ. ಕುದುರೆ ಹತ್ತಲು ಮರದ ಮೆಟ್ಟಿಲೊಂದು ಇಟ್ಟಿರುತ್ತಾರೆ, ಮೂರೇ ಮೂರು ಮೆಟ್ಟಿಲು. ಎರಡನೆಯದರ ಮೇಲೆ ನಿಂತು ಜೀನಿಗೆ ಕೈ ಹಾಕಿದವಳು ಅಲ್ಲೇ ನಿಂತುಬಿಟ್ಟೆ. ಅತ್ತೆ ಕತ್ತು ತಿರುಗಿಸಿ, 'ಹತ್ತುತ್ತೀಯೋ ಇಲ್ಲವೋ, ನನಗೆ ಬೇರೆ ಕೆಲಸ ಇದೆ' ಎಂಬಂತೆ ನೋಡಿದಳು. ನಾನು ಬೂಟಿನಲ್ಲಿ ಕಲ್ಲು ಸೇರಿದೆ ಎಂದು ಇಳಿದೆ. ಎರಡನೆಯ ಸಲವೂ ಕಲ್ಲೇ ಸೇರಿತ್ತು. ಮೇಷ್ಟ್ರು ಪಾಪ, ತುಂಬ ಮೃದುವಾಗಿ, "ಒಂದಷ್ಟು ದಿನ ಹಗ್ಗ ಕಟ್ಟಿ ನಡೆಸೋಣ ಡಾಕ್ಟ್ರೇ, ಚಿಕ್ಕ ಮಕ್ಕಳ ಬ್ಯಾಚಲ್ಲಿ ಜಾಗ ಇದೆ" ಅಂದ. ಅಲ್ಲಿ ಎಲ್ಲರಿಗಿಂತ ದೊಡ್ಡ ವಿದ್ಯಾರ್ಥಿಗೆ ಮುಂದಿನ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ.

ಮೂರನೆಯ ಸಲ ಹೋದದ್ದು ಹತ್ತಲಿಕ್ಕಲ್ಲ. ಹೆಲ್ಮೆಟ್ಟು, ಬೂಟು ಇಡುವ ನನ್ನ ಲಾಕರಿನ ಬೀಗದ ಕೈ ವಾಪಸು ಕೊಡಲಿಕ್ಕೆ. ಕೊಟ್ಟರೆ ಮುಗಿಯಿತು. ಬರುವ ದಾರಿಯಲ್ಲಿ ಅತ್ತೂ ಆಗಿತ್ತು. ಮನೆಯಲ್ಲಿ ಯಜಮಾನರಿಗೆ, "ವಯಸ್ಸಾಯ್ತು ರೀ, ಇನ್ನು ಸಾಕು" ಎಂದು ಹೇಳಿಯೂ ಆಗಿತ್ತು. ಅವರು ಇನ್ನೊಂದು ಲೋಟ ಕಾಫಿ ಕೊಟ್ಟಿದ್ದರು.

ಮೇಷ್ಟ್ರು ಅಂಕಣದ ಮಧ್ಯೆ ಪಾಠದಲ್ಲಿದ್ದ. ಬೇಕರಿ ನಡೆಸುವ ಹೆಂಗಸೊಬ್ಬಳು, ಹೊಸಬಳು, ಅತ್ತೆಯ ಮೇಲೆ ಕುಕ್ಕುಲೋಟದಲ್ಲಿ ಹಿಟ್ಟಿನ ಹಾಗೆ ಮೇಲೆ ಕೆಳಗೆ ಕುಟ್ಟಿಸಿಕೊಳ್ಳುತ್ತಿದ್ದಳು. ಗೇಟಿನ ಪಕ್ಕ ಮೇಷ್ಟ್ರ ಕಬ್ಬಿಣದ ಮಡಚುವ ಕುರ್ಚಿ ಇತ್ತು. ಕೂತೆ. ಕಾಲು ಗಂಟೆ ನೋಡಿದೆ. ಹೊಟ್ಟೆಯುರಿ ತಡೆಯಲಾಗಲಿಲ್ಲ. ಬೀಗದ ಕೈಯನ್ನು ಆಫೀಸಿನ ಮೇಜಿನ ಮೇಲಿಟ್ಟು ಹೋಗಿಬಿಡೋಣ ಎಂದು ಎದ್ದು, ಕುರ್ಚಿ ಮಡಚಿ ಗೇಟಿಗೆ ಒರಗಿಸಿದೆ. ಟಕ್ ಅಂತ ಸದ್ದಾಯಿತು.

ಆ ಕೊನೆಯಲ್ಲಿದ್ದ ಅತ್ತೆ ಕಿವಿ ನಿಮಿರಿಸಿ, ಎಡಕ್ಕೆ ತಿರುಗಿ, ಸೀದಾ ಗೇಟಿಗೆ ಬಂದು ನನ್ನ ಮುಂದೆ ನಿಂತಳು. ಬೇಕರಿಯವಳು ಕತ್ತಿಗೆ ಜೋತುಬಿದ್ದು ಹೇಗೋ ಉಳಿದುಕೊಂಡಳು.

"ಪಾಠ ಮುಗಿದಾಗ ನೀವು ಏನ್ ಮಾಡ್ತೀರಿ ಮೇಷ್ಟ್ರೇ?"

"ಏನ್ ಮಾಡ್ತೀನಿ? ಎದ್ದು ಕುರ್ಚಿ ಮಡಚ್ತೀನಿ. ಇವಳು ತಾನಾಗೇ ಗೇಟಿಗೆ ಬರ್ತಾಳೆ. ನನ್ನ ಮನಸ್ಸಲ್ಲಿರೋದು ಅವಳಿಗೆ ಗೊತ್ತಾಗುತ್ತೆ."

"ನಿಮ್ಮ ಮನಸ್ಸು ಅಲ್ಲ, ಮಣ್ಣು. ಕುರ್ಚಿ ಸದ್ದು ಕೇಳಿದ್ರೆ ಅವಳಿಗೆ ಹುಲ್ಲಿನ ಹೊತ್ತು. ನಾನು ಬಿದ್ದ ದಿನ ಈ ಕುರ್ಚಿಯಲ್ಲಿ ಯಾರಿದ್ರು?"

ಮೇಷ್ಟ್ರು ತಲೆ ಕೆರೆದುಕೊಂಡ. "ನಿಮ್ಮ ಯಜಮಾನ್ರಿಗೇ ಕೊಟ್ಟಿದ್ದೆ."

ಬೇಕರಿಯವಳು ಕಣ್ಣು ಮಿಟುಕಿಸದೆ ನಮ್ಮನ್ನು ನೋಡುತ್ತಿದ್ದಳು. ಮೇಷ್ಟ್ರು ಅವಳಿಗೆ ಧೈರ್ಯ ಹೇಳಲು, "ಹೆದರ್ಬೇಡಿ, ಅವಳಿಗೆ ಎಲ್ಲಾ ಗೊತ್ತು, ನೀವು ಸುಮ್ನೆ ಮೇಲೆ ಕೂತಿದ್ರೆ ಸಾಕು" ಅಂದ. ಏಳು ವರ್ಷದ ಹಿಂದೆ ನನಗೂ ಅದನ್ನೇ ಹೇಳಿದ್ದ. ನನ್ನ ವಯಸ್ಸಿನ ತಪ್ಪಲ್ಲ ಎಂದು ಉಬ್ಬುತ್ತಿದ್ದ ಎದೆ ಅಲ್ಲೇ ಇಳಿಯಿತು. ಹಾಗಾದರೆ ಏಳು ವರ್ಷ ಸವಾರಿ ಮಾಡಿದವರು ಯಾರು? ಅತ್ತೆ ಓಡಿದಳು, ಅತ್ತೆ ತಿರುಗಿದಳು, ಅತ್ತೆ ನಿಂತಳು. ನಾನು ಮೇಲಿದ್ದ ಮೂಟೆ. ಬಿದ್ದದ್ದಕ್ಕಿಂತ ಇದು ಜಾಸ್ತಿ ನೋಯಿತು.

ಬೀಗದ ಕೈ ಕೊಡಲಿಲ್ಲ. ಕುರ್ಚಿಯನ್ನು ಎರವಲು ಕೇಳಿ ಹೊತ್ತುಕೊಂಡು ಬಂದೆ.

ಯಜಮಾನರು ಅಡುಗೆಮನೆಯಲ್ಲಿ ಬಾಗಿಲ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಮನೆಯ ಕೀಲುಗಳಿಗೆಲ್ಲ ಆ ನಾಲ್ಕು ತಿಂಗಳಲ್ಲಿ ಮೂರು ಸಲ ಎಣ್ಣೆಯಾಗಿತ್ತು. ನಾನು ಹೊಸ್ತಿಲಲ್ಲೇ ಕುರ್ಚಿ ಬಿಡಿಸಿದೆ, ಆಮೇಲೆ ಮಡಚಿದೆ. ಟಕ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಎಣ್ಣೆ ಡಬ್ಬಿಯನ್ನೇ ಕೈಬಿಟ್ಟರು.

"ಯಾವಾಗ ಗೊತ್ತಾಯ್ತು?" ಅಂದರು.

'ಏನು?' ಎಂದು ನಾಟಕವಾಡಬಹುದಿತ್ತು, ಆಡಲಿಲ್ಲ. ಅದಕ್ಕೆ ನನ್ನ ಕೋಪ ಅರ್ಧ ಇಳಿಯಿತು, ಉಳಿದರ್ಧ ತಲೆಗೇರಿತು.

"ನಿಮಗೆ ಯಾವಾಗ ಗೊತ್ತಾಯ್ತು, ಅದ್ ಹೇಳಿ."

"ನೀನು ನೆಲ ಮುಟ್ಟೋಕೆ ಮುಂಚೆ." ಬಗ್ಗಿ ಬಟ್ಟೆಯಿಂದ ಎಣ್ಣೆ ಒರೆಸತೊಡಗಿದರು. "ಬಿಸಿಲು ಬಂತು. ನೆರಳಿಗೆ ಹೋಗೋಣ ಅಂತ ಮಡಚಿದೆ. ಎಳೆದ್ರೆ ಕುರ್ಚಿ ಕಾಲು ಸವೆಯುತ್ತಲ್ಲ. ಸದ್ದು ಬಂತು, ಅದು ತಿರುಗಿತು. ಅಪಘಾತದ ಕಾರಣ ಹುಡುಕೋದೇ ನನ್ನ ಕೆಲಸ ಆಗಿತ್ತು ಕಣೇ."

"ಕುರ್ಚಿ ಕಾಲು ಸವೆಯುತ್ತೆ ಅಂತ ಹೆಂಡತಿ ಮೂಳೆ ಮುರಿದ್ರಿ. ಹೋಗ್ಲಿ, ಅದು ತಿಳೀದೆ ಆಗಿದ್ದು. ನಾಲ್ಕು ತಿಂಗಳು ಬಾಯಿಗೆ ಬೀಗ ಯಾಕೆ? ನಾನು ದಿನಾ ಮುದುಕಿಯಾದೆ, ಮುದುಕಿಯಾದೆ ಅಂತ ಅಳ್ತಿದ್ನಲ್ಲ, ಕೇಳಿಸ್ಲಿಲ್ವಾ?"

"ಕೇಳಿಸ್ತು." ಅವರು ತಲೆ ಎತ್ತಲಿಲ್ಲ. "ಬಿದ್ದ ಮೇಲೆ ನೀನು ಹನ್ನೊಂದು ಸೆಕೆಂಡು ಅಲ್ಲಾಡ್ಲಿಲ್ಲ. ನಾನು ಎಣಿಸಿದೆ. ನಿಜ ಹೇಳಿದ್ರೆ ನೀನು ಮತ್ತೆ ಹತ್ತುತ್ತೀಯ. ಹೇಳದಿದ್ರೆ ಮನೇಲಿರ್ತೀಯ."

ಆ ಹನ್ನೊಂದು ಸೆಕೆಂಡು ನಾನು ಹಲ್ಲು ಎಣಿಸುತ್ತಿದ್ದೆ. ಅದನ್ನು ಹೇಳಿದ್ದರೆ ಬಹುಶಃ ಇಬ್ಬರೂ ನಗುತ್ತಿದ್ದೆವು. ಆದರೆ ನನಗೆ ನಗುವ ಮನಸ್ಸಿರಲಿಲ್ಲ. ಈ ಮನುಷ್ಯ ನನ್ನ ಕೊರಳಿಗೆ ಕೆಂಪು ಫಲಕ ನೇತುಹಾಕಿ, ಮೇಲೆ ಕಾಫಿ ಬೇರೆ ಕೊಡುತ್ತಿದ್ದ. ಸಿಟ್ಟು ಬಂತು, ಅವರ ಮೇಲೆ ಪ್ರೀತಿಯೂ ಬಂತು. ಎರಡೂ ಒಟ್ಟಿಗೆ ಬಂದರೆ ಆಗುವ ಸಂಕಟ ಸಂಸಾರಸ್ಥರಿಗೆ ಗೊತ್ತು.

"ನಾಳೆ ಬೆಳಿಗ್ಗೆ ನನ್ನ ಜೊತೆ ಬರ್ಬೇಕು. ಈ ಕುರ್ಚಿ ನೀವೇ ಹೊತ್ಕೊಂಡು" ಅಂದೆ.

ಮರುದಿನ ಮರದ ಮೆಟ್ಟಿಲ ಮುಂದೆ ನಿಂತಾಗ ಬೂಟಿನಲ್ಲಿ ಕಲ್ಲು ಸೇರುವ ಸೂಚನೆ ಮತ್ತೆ ಬಂತು. ನನ್ನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಬೆವರುತ್ತ ಕೂರುತ್ತಿದ್ದವರೆಲ್ಲ ನೆನಪಾದರು. ಅಷ್ಟು ಜನಕ್ಕೆ ಹೇಳಿದ ಸುಳ್ಳನ್ನು ನನಗೆ ನಾನೇ ಹೇಳಿಕೊಂಡೆ. ಸುಳ್ಳು ಎಂದು ಗೊತ್ತಿದ್ದರೂ ಕೆಲಸ ಮಾಡಿತು. ಹತ್ತಿ ಕೂತೆ. ಅತ್ತೆ ನಿಟ್ಟುಸಿರಿಟ್ಟಳು.

ಒಂದು ಸುತ್ತು ನಡಿಗೆ, ಎರಡು ಸುತ್ತು ಕುಕ್ಕುಲೋಟ, ಆಮೇಲೆ ಓಟ. ಯಜಮಾನರು ಗೇಟಿನ ಹತ್ತಿರ ಕುರ್ಚಿ ಬಿಡಿಸಿಕೊಂಡು, ಅದರಲ್ಲಿ ಕೂರದೆ, ಬೆನ್ನುಪಟ್ಟಿ ಹಿಡಿದು ನಿಂತಿದ್ದರು. ಆ ಕೊನೆಗೆ ಬರುತ್ತಿದ್ದಂತೆ ಕೂಗಿದೆ:

"ಮಡಚ್ರೀ!"

ಮಡಚಲಿಲ್ಲ. ಸುತ್ತು ಮುಗಿಸಿ ಅವರ ಮುಂದೆ ಬಂದು ನಿಂತೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. "ಬೇಡ ಕಣೇ. ಹತ್ತಿದ್ಯಲ್ಲ, ಸಾಕು. ಇಲ್ಲಿ ಯಾರೂ ಕುರ್ಚಿ ಮಡಚದ ಹಾಗೆ ನಾನೇ ನೋಡ್ಕೋತೀನಿ."

"ಕುರ್ಚಿ ಕಾಯೋಕೆ ನೀವು ಎಷ್ಟು ದಿನ ಬರ್ತೀರಿ? ಇವಳ ಮೇಲೆ ಮೂಟೆ ಥರ ಕೂತು ನನಗೆ ಸಾಕಾಗಿದೆ. ಮಡಚಿ. ಸ್ವಲ್ಪ ಚುರುಕ್ ಅನ್ಸುತ್ತೆ, ಅಷ್ಟೆ."

ಮತ್ತೆ ಓಡಿಸಿದೆ, ಆ ಕೊನೆಗೆ ಬಂದಾಗ ಅವರು ಮಡಚಿದರು. ಮೊದಲ ಟಕ್‌ಗೆ ಅತ್ತೆ ತಿರುಗಿಯೇಬಿಟ್ಟಳು. ಜೀನಿನ ಮುಂದಿನ ಪಟ್ಟಿ ಹಿಡಿದು ಉಳಿದುಕೊಂಡೆ, ಗೇಟಿನವರೆಗೂ ಮೂಟೆಯಾಗಿಯೇ ಹೋದೆ. ಎರಡನೆಯದಕ್ಕೂ ಗೆದ್ದವಳು ಅವಳೇ. ಮೇಷ್ಟ್ರು, "ಎಡಗಾಲು ಒತ್ತಿ! ಬಲಗೈ ಬಿಡ್ಬೇಡಿ!" ಎಂದು ಅರಚುತ್ತಿದ್ದ. ಇದನ್ನು ಏಳು ವರ್ಷದಲ್ಲಿ ಒಮ್ಮೆಯಾದರೂ ಅರಚಬಹುದಿತ್ತು.

ಮೂರನೆಯ ಸಲ ಸದ್ದಿಗಿಂತ ಮೊದಲೇ ಅವಳ ಎಡಗಿವಿ ಗೇಟಿನ ಕಡೆ ತಿರುಗಿದ್ದು ಕಾಣಿಸಿತು. ಟಕ್. ಅವಳ ಹೆಗಲು ಒಳಗೆ ವಾಲಿತು. ನಾನು ಎಡಗಾಲನ್ನು ಪಕ್ಕೆಗೆ ಒತ್ತಿದೆ, ಮುರಿದು ಕೂಡಿದ ಬಲಭುಜದ ಕೈಯಿಂದ ಲಗಾಮು ಗಟ್ಟಿಯಾಗಿ ಹಿಡಿದೆ, ಬಾಯಿಗೆ ಬಂದದ್ದು ಬೈದೆ. ಒಂದು ಹೆಜ್ಜೆ ಅವಳು ನನ್ನನ್ನು ಎಳೆದಳು. ಮುಂದಿನ ಹೆಜ್ಜೆಗೆ, ನಂಬುತ್ತೀರೋ ಇಲ್ಲವೋ, ನನ್ನ ಮಾತು ಕೇಳಿದಳು. ಬೇಲಿಯ ಪಕ್ಕದಲ್ಲೇ ಓಡಿದಳು, ಬಾಗಿದಳು, ಗೇಟಿನ ಮುಂದೆ ಬಂದಳು, ಗೇಟನ್ನು ದಾಟಿ ಮುಂದೆ ಹೋದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅವಳು ಕೋಪದಿಂದ ಬುಸುಗುಟ್ಟುತ್ತಿದ್ದಳು, ನಾನು ಗಟ್ಟಿಯಾಗಿ ಅಳುತ್ತಿದ್ದೆ. ಲಾಕರಿನ ಬೀಗದ ಕೈ ಪ್ಯಾಂಟಿನ ಜೇಬಿನಲ್ಲಿ ತೊಡೆಗೆ ಚುಚ್ಚುತ್ತಿತ್ತು.

ಎರಡು ಸುತ್ತು ಹಾಗೇ ಓಡಿಸಿ, ಆ ಕೊನೆಯಲ್ಲಿ ನಡಿಗೆಗೆ ಇಳಿಸಿದೆ. ಅಲ್ಲಿಂದ ನೋಡಿದರೆ ಯಜಮಾನರು ಕುರ್ಚಿ ಬಿಡಿಸಿ, ಆ ಬೆಳಿಗ್ಗೆ ಮೊದಲ ಸಲ ಅದರಲ್ಲಿ ಕೂತಿದ್ದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು, ಬಹಳ ಹೊತ್ತು ಒರೆಸಿದರು.

"ಏನ್ರೀ, ತಪಾಸಣೆ ಮುಗೀತಾ?" ಎಂದು ಅಲ್ಲಿಂದಲೇ ಕೂಗಿದೆ.

ಅವರು ಕನ್ನಡಕ ಹಾಕಿಕೊಂಡರು.

"ಬಳಸಬಹುದು" ಅಂದರು.

ಆಮೇಲೆ ಎದ್ದು, ನಾನು ಹೇಳದೆಯೇ ಕುರ್ಚಿ ಮಡಚಿದರು. ಅತ್ತೆ ಕಿವಿ ಎತ್ತಿದಳು, ಆದರೆ ಕಾಲು ಕೀಳದೆ ನಿಂತಳು. ನಾನು ಲಗಾಮು ಸಡಿಲ ಬಿಟ್ಟ ಮೇಲೆ ಗೇಟಿನ ಕಡೆ ನಡೆದಳು.