ಓಡುವವಳ ಮಾತು ನಂಬಬೇಡ

ನಂಬದಿರುವುದೇ ನನ್ನ ಕಸುಬು. ದೂರದ ಓಟ ಓಡುವವರಿಗೆ ತರಬೇತಿ ಕೊಡುತ್ತೇನೆ. ಮೊಣಕಾಲು ಹೋಯಿತು, ಉಸಿರು ಕಟ್ಟಿತು, ಇನ್ನು ಒಂದು ಹೆಜ್ಜೆಯೂ ಆಗುವುದಿಲ್ಲ ಎಂದು ಅಳುವವರ ಪಕ್ಕದಲ್ಲಿ ಸೈಕಲ್ ತುಳಿಯುತ್ತಾ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ನಡಿ ನಡಿ" ಎಂದು ರೇಗಿಸುವುದು ನನ್ನ ದಿನನಿತ್ಯದ ಕೆಲಸ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಚಾಟಿ ಎಂದು ಕರೆಯುತ್ತಾರೆ. ನನಗೆ ಗೊತ್ತು. ಬೇಜಾರೇನಿಲ್ಲ.

ಮ್ಯಾರಥಾನ್ ಮುಗಿಸಿದ ಶಿಷ್ಯರು ಒಬ್ಬೊಬ್ಬರಾಗಿ ಅಲ್ಟ್ರಾಮ್ಯಾರಥಾನ್ ಜಪ ಶುರು ಮಾಡಿದರು. ಐವತ್ತು ಕಿಲೋಮೀಟರ್, ಎಂಬತ್ತು, ನೂರು. ಅವರಲ್ಲೊಬ್ಬಳು ಹಲ್ಲಿನ ಡಾಕ್ಟರು, ಬಾಯಿ ಸ್ವಲ್ಪ ಜೋರು. ಒಂದು ಬೆಳಿಗ್ಗೆ ಮೈದಾನದಲ್ಲಿ ಎಲ್ಲರೆದುರೇ ಕೇಳಿಬಿಟ್ಟಳು.

"ನೀವು ಯಾವತ್ತಾದ್ರೂ ಅಷ್ಟು ದೂರ ಓಡಿದ್ದೀರಾ ಕೋಚ್? ಇಲ್ಲ ಬರೀ ಸೈಕಲ್ಲಾ?"

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವತ್ತೇ ನೂರು ಕಿಲೋಮೀಟರಿಗೆ ಹೆಸರು ಕೊಟ್ಟೆ. ಸಿಟ್ಟು ನೆತ್ತಿಗೇರಿದರೆ ನನಗೆ ತಲೆ ಓಡುವುದಿಲ್ಲ, ಕಾಲು ಓಡುತ್ತದೆ. ಆ ಚಳಿಗಾಲವೆಲ್ಲ ಓಡುತ್ತಲೇ ತಿನ್ನುವುದು, ಏರಿನಲ್ಲಿ ನಾಚಿಕೆಯಿಲ್ಲದೆ ನಡೆಯುವುದು, ಉಗುರು ಕಪ್ಪಾಗಿ ಉದುರಿದರೂ ಸುಮ್ಮನಿರುವುದು ಇವನ್ನೆಲ್ಲ ಕಲಿತೆ. ದೂರ ಹೆಚ್ಚಿದಷ್ಟೂ ದೇಹ ಸುಳ್ಳು ಹೇಳುತ್ತದೆ ಎನ್ನುವುದನ್ನಂತೂ ಮೊದಲೇ ಬಲ್ಲೆ.

ಇಂಥ ಓಟಕ್ಕೆ ನೀರು, ತಿನಿಸು, ಒಣ ಸಾಕ್ಸ್ ಹಿಡಿದು ಕಾಯಲು ಜೊತೆಗೊಬ್ಬರು ಬೇಕು. ನನ್ನ ತಮ್ಮನನ್ನು ಕರೆದೆ. ಲಿಫ್ಟ್ ರಿಪೇರಿ ಮಾಡುವವನು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಆಸಾಮಿ. ಅಡುಗೆಮನೆಯ ಮೇಜಿನ ಮುಂದೆ ಕೂರಿಸಿಕೊಂಡೆ.

"ನೋಡೋ, ಅರ್ಧ ದಾರಿ ದಾಟಿದ ಮೇಲೆ ನಾನು ಏನೇನೋ ಹೇಳ್ತೀನಿ. ಕಾಲು ಮುರೀತು ಅಂತೀನಿ. ಕಣ್ಣು ಕಾಣ್ತಿಲ್ಲ ಅಂತೀನಿ. ಒಂದನ್ನೂ ನಂಬಬೇಡ. ಬೆನ್ನು ಹಿಡಿದು ಮುಂದಕ್ಕೆ ತಳ್ಳಿಬಿಡು."

"ಅತ್ರೆ?"

"ಅತ್ರೆ ಇನ್ನೂ ಜೋರಾಗಿ ತಳ್ಳು."

"ಬೈದ್ರೆ?"

"ಬೈಯೋಕೆ ಆಗುತ್ತೆ ಅಂದ್ರೆ ಓಡೋಕೂ ಆಗುತ್ತೆ."

ಅಮ್ಮನಾಣೆ ಎಂದು ಅವನ ಬಾಯಲ್ಲಿ ಹೇಳಿಸಿದ ಮೇಲೇ ಬಿಟ್ಟಿದ್ದು.

ಓಟ ಒಂದು ಜಲಾಶಯದ ಸುತ್ತ. ಸುತ್ತು ಹಾಕಿ ಹಾಕಿ ನೂರು ತುಂಬಿಸಬೇಕು. ಸುತ್ತು ಮುಗಿಯುವಲ್ಲಿ ಒಂದು ಡೇರೆ, ಹಾಡು ಹಾಕಿದ ಧ್ವನಿವರ್ಧಕ, ಅಲ್ಲಿ ತಮ್ಮ. ದಾರಿಯ ಬಹುಭಾಗ ಕಟ್ಟೆಯ ಮೇಲೆ: ಎಡಕ್ಕೆ ನೀರು, ಬಲಕ್ಕೆ ಕಲ್ಲಿನ ಇಳಿಜಾರು, ತಡೆಗೋಡೆಯಿಲ್ಲ. ಮುಂಜಾನೆಯಿಂದ ಗಾಳಿ ನೇರವಾಗಿ ಕಣ್ಣಿಗೇ ಹೊಡೆಯುತ್ತಿತ್ತು.

ಅರವತ್ತು ದಾಟಿರಬೇಕು, ಮಟಮಟ ಮಧ್ಯಾಹ್ನದಲ್ಲಿ ಮಂಜು ಕಾಣಿಸಿತು. ನೀರಿನ ಮೇಲಿನದು ಎಂದುಕೊಂಡೆ. ಕೈಗಡಿಯಾರ ನೋಡಿದರೆ ಅದರ ಮೇಲೂ ಮಂಜು. ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದನ್ನು ಮುಚ್ಚಿ ನೋಡಿದೆ. ಮಂಜು ನನ್ನ ಬಲಗಣ್ಣಿನಲ್ಲಿತ್ತು.

ಡೇರೆ ಮುಟ್ಟಿದ್ದೇ ತಮ್ಮನ ತೋಳು ಹಿಡಿದೆ. "ಕಣ್ಣು ಮಂಜಾಗ್ತಿದೆ ಕಣೋ."

ಅವನು ನಕ್ಕ. "ಬಂತಾ? ಕಾಲಿಂದ ಶುರು ಮಾಡ್ತೀಯ ಅಂದ್ಕೊಂಡಿದ್ದೆ, ಸೀದಾ ಕಣ್ಣಿಗೇ ಬಂದ್ಬಿಟ್ಟೆ!"

"ತಮಾಷೆ ಅಲ್ವೋ, ನಿಜವಾಗ್ಲೂ."

"ನಾನೂ ನಿಜವಾಗ್ಲೂ ತಳ್ತೀನಿ. ಅಮ್ಮನಾಣೆ ಹಾಕಿದ್ದೀನಿ." ಬಾಟಲಿ ಕೈಗಿಟ್ಟು, ಭುಜ ಹಿಡಿದು ತಿರುಗಿಸಿ, ತಳ್ಳಿಯೇಬಿಟ್ಟ.

ನಾನು ನಿಲ್ಲಬಹುದಿತ್ತು. ನನ್ನ ಕಾಲಿಗೇನು ಯಾರೂ ಹಗ್ಗ ಕಟ್ಟಿರಲಿಲ್ಲ. ಆದರೆ ಇಷ್ಟು ವರ್ಷ ಎಲ್ಲರಿಗೂ ಸುಳ್ಳು ಸುಳ್ಳು ಎಂದು ಹೇಳಿ ಹೇಳಿ, ನನ್ನ ಕಣ್ಣನ್ನು ನಾನೇ ನಂಬದಾಗಿದ್ದೆ. ನೆಪವಿರಬಹುದು, ಸೋಮಾರಿ ಕಾಲು ಕಣ್ಣಿನ ವೇಷ ಹಾಕಿ ಬಂದಿರಬಹುದು. ಅವನೊಬ್ಬ ನಂಬಿದ್ದರೆ ನಾನೂ ನಂಬುತ್ತಿದ್ದೆ.

ಕಟ್ಟೆಯ ನಡುವೆ ಎಡಗಣ್ಣೂ ಬೆಳ್ಳಗಾಯಿತು. ಕತ್ತಲಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಬಿಸಿಲು ಮುಖ ಸುಡುತ್ತಿದೆ, ಕಣ್ಣು ಅಗಲ ತೆರೆದಿದೆ, ಎದುರಿಗೆ ಹಾಲು ಚೆಲ್ಲಿದಂತೆ ಬರೀ ಬಿಳುಪು. ಓಡುವುದು ಬಿಟ್ಟು ಕಾಲಲ್ಲಿ ನೆಲ ತಡಕತೊಡಗಿದೆ. ಒಂದು ಕಲ್ಲು ಜಾರಿ ಬಲಕ್ಕೆ ಉರುಳಿತು. ಅದು ಉರುಳುತ್ತಲೇ ಇತ್ತು. ಯಾರೋ ಓಡಿಬಂದು, "ಸೂಪರ್, ಹಾಗೇ ಹೋಗ್ತಿರಿ!" ಎಂದು ಹುರಿದುಂಬಿಸಿ ದಾಟಿದರು. ನಿಲ್ಲಿ ಎನ್ನಲು ಒಣಗಿದ ಗಂಟಲಿನಿಂದ ದನಿ ಹೊರಡುವಷ್ಟರಲ್ಲಿ ಹೆಜ್ಜೆ ಸದ್ದೂ ಇರಲಿಲ್ಲ.

ಮಂಡಿಯೂರಿ ಅಂಬೆಗಾಲಿಟ್ಟೆ. ಇದು ಹೀಗೇ ಉಳಿದರೆ? ಸೈಕಲ್ ಇಲ್ಲ, ಮೈದಾನ ಇಲ್ಲ. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಅಮ್ಮನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಆಗ ಅಳು ಬಂತು, ಜೋರಾಗಿಯೇ ಅತ್ತೆ.

ಧ್ವನಿವರ್ಧಕದ ಹಾಡಿನ ಜಾಡು ಹಿಡಿದು ಡೇರೆ ತಲುಪಿದೆ. ಬಿಳುಪಿನೊಳಗೆ ತಮ್ಮನ ಜಾಕೆಟ್ಟಿನ ನೀಲಿ ಮಸುಕಾಗಿ ಕಂಡಿತು. ಕೂತಿದ್ದಾನೆ, ಪುಣ್ಯಾತ್ಮ. ಅವನ ಮುಂದೆ ಕುಸಿದೆ.

"ಸಾಕು ಕಣೋ. ಆಣೆ ಗೀಣೆ ಏನೂ ಬೇಡ. ಎರಡು ಕಣ್ಣೂ ಹೋಗಿದೆ. ನಂಗೆ ತುಂಬಾ ಭಯ ಆಗ್ತಿದೆ, ಆಸ್ಪತ್ರೆಗೆ ಕರ್ಕೊಂಡು ಹೋಗು."

ಅವನು ತುಟಿ ಬಿಚ್ಚಲಿಲ್ಲ.

"ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ? ನಿನ್ನ ಸ್ವಂತ ಅಕ್ಕ ಕಣೋ ನಾನು. ಈ ಸಲ ಸುಳ್ಳಲ್ಲ. ಕಾಲಿಗೆ ಬೀಳ್ಲಾ? ಹೇಳು, ಬೀಳ್ಲಾ?"

ಹಿಂದೆ ಏನೋ ಧೊಪ್ಪನೆ ಬಿತ್ತು. ನೀರು ಗಳಗಳ ಸುರಿದು ನನ್ನ ಮಂಡಿ ಒದ್ದೆಯಾಯಿತು.

"ಅಕ್ಕಾ..." ತಮ್ಮನ ದನಿ, ನನ್ನ ಬೆನ್ನ ಹಿಂದಿನಿಂದ. "ಅಕ್ಕಾ, ಅದು ಕುರ್ಚಿ. ಜಾಕೆಟ್ ಬಿಚ್ಚಿ ಹಾಕಿದ್ದೆ. ನಾನು ಇಲ್ಲಿದ್ದೀನಿ."

ಕೈ ಚಾಚಿದೆ. ಜಾಕೆಟ್ಟಿನೊಳಗೆ ಯಾರೂ ಇರಲಿಲ್ಲ. ಅವನ ದನಿ ನಡುಗುತ್ತಿತ್ತು. ಆಗ ನಾನೂ ನಂಬಿದೆ.