ಅಡ್ಡಬೀಳುವ ಶಾಸ್ತ್ರ

ದಾವಣಗೆರೆಯಿಂದ ಹರಿಹರಕ್ಕೆ ಬರುವಷ್ಟೂ ಹೊತ್ತು ಕೊಟ್ಟೂರೇಶ್ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತೇ ಇದ್ದ. ರಸ್ತೆಯುಬ್ಬು ಬಂದಾಗಲೆಲ್ಲ ಕಾರಿನ ಹಿಡಿಕೆ ಹಿಡಿದುಕೊಳ್ಳುತ್ತಿದ್ದ. ಹಿಂದಿನ ಸೀಟಿನಲ್ಲಿ ಅವ್ವನ ಪಕ್ಕ ಕೂತಿದ್ದ ತಂಗಿ ಬಿಂದು ಅದನ್ನು ಕಂಡರೂ, ನಿದ್ದೆಗೆಟ್ಟಿರಬೇಕು ಎಂದುಕೊಂಡಳು.

ಇಂಡಿಯಾ ತಂಡಕ್ಕೆ ಆಡಿದ ಮೊದಲ ಪಂದ್ಯದಲ್ಲೇ ಅವನು ಐದು ವಿಕೆಟ್ ಕಿತ್ತಿದ್ದ. ಊರಲ್ಲಿ ಪಟಾಕಿಯ ಹೊಗೆ ಆರುವ ಮೊದಲೇ ಹಿಮ್ಮಡಿ ಹೋಯಿತು. ಅದು ಸರಿಹೋಗುವಷ್ಟರಲ್ಲಿ ತೊಡೆಯ ಸ್ನಾಯು. ಆಮೇಲೆ ಬೆನ್ನುಮೂಳೆಯಲ್ಲಿ ಬಿರುಕು. ಮಂಡಕ್ಕಿ ಅಂಗಡಿಗಳ ಮುಂದೆ ಹುಡುಗರು ಅವನಿಗೆ ‘ಬ್ಯಾಂಡೇಜ್ ಕೊಟ್ರ’ ಎಂದು ಹೆಸರಿಟ್ಟರು. ಅವನು ಹಾಸಿಗೆ ಹಿಡಿದ ತಿಂಗಳುಗಳಲ್ಲಿ ಎಬ್ಬಿಸಿ ಕೂರಿಸುತ್ತಿದ್ದವಳು ಬಿಂದು. ಸೊಂಟ ಮಡಿಸದೆ ಪಕ್ಕಕ್ಕೆ ಹೊರಳಿ, ಮೊಣಕೈ ಊರಿ ಏಳುವುದನ್ನು ನರ್ಸ್ ಇಬ್ಬರಿಗೂ ಕಲಿಸಿದ್ದಳು.

ಈಗ ಮತ್ತೆ ಕರೆ ಬಂದಿತ್ತು. ತಂಡದ ಡಾಕ್ಟರು ಫಿಟ್ ಎಂದಿದ್ದರು. ಈ ಸಲವೂ ಕೆಟ್ಟರೆ ಇನ್ನು ಕರೆಯುವುದಿಲ್ಲ ಎಂಬುದು ಮನೆಯಲ್ಲಿ ಯಾರೂ ಆಡದ, ಎಲ್ಲರಿಗೂ ಗೊತ್ತಿದ್ದ ಮಾತು. ಹರಿಹರದ ಅಜ್ಜಿಗೆ ಅಡ್ಡಬಿದ್ದು, ಅಲ್ಲಿಂದಲೇ ಬೆಂಗಳೂರಿಗೆ ಹೊರಡುವುದಿತ್ತು.

ಪಡಸಾಲೆಯಲ್ಲಿ ಅಜ್ಜಿ ಗುರುಶಾಂತಮ್ಮ ಕುರ್ಚಿಯಲ್ಲಿ ಕೂತಿದ್ದಳು. ದೊಡ್ಡಪ್ಪ ಉಜ್ಜನಪ್ಪ, ದೊಡ್ಡಮ್ಮ, ಮಲೆಬೆನ್ನೂರಿನ ನೆಂಟರು ಸಾಲಾಗಿ ಕೂತಿದ್ದರು. ಕೊಟ್ಟೂರೇಶ್ ಅಜ್ಜಿಯ ಪಾದಕ್ಕೆ ಕೈ ಚಾಚಿ ಬಗ್ಗಿದ. ಅರ್ಧಕ್ಕೇ ನಿಂತ. ಆಮೇಲೆ ಮೊಣಕಾಲೂರಿ, ಕೈಯೂರಿ, ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟ.

“ನೋಡ್ರಿ, ದೀರ್ಘದಂಡ ಹಾಕ್ದ,” ಎಂದರು ಉಜ್ಜನಪ್ಪ. “ಟೀವ್ಯಾಗ ಬರೋನು, ಆದ್ರೂ ಸೊಕ್ಕಿಲ್ಲ. ನಮ್ಮ ಹುಡುಗ್ರೂ ಅದಾವೆ, ಮೊಣಕಾಲು ಮುಟ್ಟಿ ಓಡ್ತಾವೆ.”

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೊಟ್ಟೂರೇಶ್ ಏಳಲು ಪಕ್ಕಕ್ಕೆ ಹೊರಳಿದ, ಮೊಣಕೈ ಊರಿದ. ನರ್ಸ್ ಕಲಿಸಿದ ಆ ವರಸೆಯನ್ನು ಬಿಂದು ಗುರುತಿಸಿದಳು.

ಅಜ್ಜಿಗೆ ಹಾಕಿದ ಮೇಲೆ ಉಳಿದವರಿಗೆ ಬರೀ ಪಾದ ಮುಟ್ಟಿದರೆ ಆದೀತೆ? ದೊಡ್ಡಪ್ಪನಿಗೂ ಬಿದ್ದ. “ನನಗೂ ಹಂಗೇ ಹಾಕಪ್ಪ, ಫೋಟೋ ಹಿಡೀತಾರೆ,” ಎಂದಳು ದೊಡ್ಡಮ್ಮ. ಅವಳಿಗೂ ಬಿದ್ದ. ಸಾಲು ಮುಗಿಯುವಷ್ಟರಲ್ಲಿ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತ್ತು.

ಊಟವಾಗಿ ಅವನು ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಬಿಂದು ಹಿಂದೆಯೇ ಹೋದಳು.

“ಯಾವತ್ತಿಂದ?”

“ಏನು?”

“ಅಣ್ಣ.”

ಅವನು ನಲ್ಲಿ ತಿರುಗಿಸಿದ. “ಮೊನ್ನೆ ಪ್ರಾಕ್ಟೀಸ್ ಮಾಡೋವಾಗ, ನೆಟ್ಸ್‌ನಾಗ. ಚಳುಕು ಇರಬೇಕು ಅಂತ ಬಿಟ್ಟೆ.”

“ಚಳುಕಿಗೆ ಯಾರಾದ್ರೂ ಅಷ್ಟುದ್ದ ಬೀಳ್ತಾರ? ಡಾಕ್ಟರಿಗೆ ಫೋನ್ ಮಾಡು.”

“ಮಾಡಿದ್ರೆ ಇಲ್ಲಿಗೇ ಮುಗೀತು.”

“ಮಾಡ್ಲಿಲ್ಲ ಅಂದ್ರೆ?”

“ಒಂದು ಸ್ಪೆಲ್, ನಾಲ್ಕು ಓವರ್ ಆದ್ರೂ ಹಾಕ್ತೀನಿ. ಮುರಿದ್ರೆ ಬಾಲ್ ಹಾಕಿ ಮುರೀಲಿ, ಬಿಂದಿ. ಮನ್ಯಾಗ ಕೂತು ಮುರಿಯೋದು ಬ್ಯಾಡ. ಅವ್ವಗ ಹೇಳಬ್ಯಾಡ.”

ಅವಳು ನೇರ ಅಡುಗೆಮನೆಗೆ ಹೋದಳು. “ಅವ್ವಾ, ಅಣ್ಣನ ಬೆನ್ನು…”

“ಹೊರಡೋ ಹೊತ್ತಿನಾಗ ಬೆನ್ನಿನ ಸುದ್ದಿ ಯಾಕ ತೆಗೀತಿ?” ಮಗನಿಗೆಂದು ಸಕ್ಕರೆ ಹಿಡಿದು ಹೊರಟಿದ್ದ ಅವ್ವ ಒಂದು ಚಿಟಿಕೆ ಇವಳ ಬಾಯಿಗೇ ಹಾಕಿದಳು. “ಒಳ್ಳೇದು ಮಾತಾಡು.”

ಸಕ್ಕರೆ ಕರಗುವಷ್ಟರಲ್ಲಿ ಅಡುಗೆಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಎಲ್ಲರೂ ಬಾಗಿಲಲ್ಲಿದ್ದರು.

ಹೊಸ್ತಿಲಾಚೆ ಕೊಟ್ಟೂರೇಶ್ ಶೂಗಳಿಗೆ ಕಾಲು ತೂರಿಸಿ ನಿಂತಿದ್ದ. ಲೇಸುಗಳು ನೆಲಕ್ಕೆ ಬಿದ್ದಿದ್ದವು. ಬಗ್ಗಲು ಹೋಗಿ, ಯಾರೋ ಕರೆದವರಂತೆ ರಸ್ತೆಯ ಕಡೆ ನೋಡಿದ. ಬಿಂದು ಹೋಗಿ ಅವನ ಕಾಲ ಬಳಿ ಕೂತಳು.

“ತಂಗಿ ಕೈಲಿ ಶೂ ಕಟ್ಟಿಸ್ಕೊಳ್ಳೋ ಸಾಹೇಬ ಆದೆಯೇನಪ್ಪ,” ಎಂದರು ಉಜ್ಜನಪ್ಪ. ಎಲ್ಲರೂ ನಕ್ಕರು. ಕೊಟ್ಟೂರೇಶನೂ ನಕ್ಕ.

ಕಟ್ಟದೆ ಬಿಟ್ಟಿದ್ದರೆ ಇಷ್ಟು ಜನರ ಮುಂದೆ ಬೆನ್ನುನೋವು ಗೊತ್ತಾಗಿಬಿಡುತ್ತಿತ್ತು, ಅವನು ಹೋಗುತ್ತಲೇ ಇರಲಿಲ್ಲ ಎಂದು ಬಿಂದುವಿಗೆ ಹೊಳೆಯುವಷ್ಟರಲ್ಲಿ ಒಂದು ಕಾಲಿನದು ಕಟ್ಟಿ ಮುಗಿದಿತ್ತು. ತಲೆ ಎತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ. ಇನ್ನೊಂದನ್ನೂ ಕಟ್ಟಿದಳು. ದಾರಿಯಲ್ಲಿ ಬಿಚ್ಚಿಕೊಂಡರೆ ಕಟ್ಟುವವರಿಲ್ಲವೆಂದು, ಎರಡಕ್ಕೂ ಮೇಲೊಂದು ಗಂಟು ಹಾಕಿದಳು.